ಆಕಾಶದಲ್ಲಿ ಕಂಡದ್ದು, ಸರ್ಕಾರ ಹೇಳದ್ದು

ನಾಸಿಕ್ ಪಕ್ಕದ ಓಝರ್‌ನಲ್ಲಿ ಸುಖೋಯ್ ಹಾರಿದರೆ ಇಲ್ಲಿಯವರು ತಲೆಯೆತ್ತಿಯೂ ನೋಡುವುದಿಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನದೇ ಕಾರ್ಖಾನೆ ಅದು. ಸುಖೋಯ್-30 ಎಂಕೆಐ ಜೋಡಣೆಯಾದದ್ದು ಅಲ್ಲೇ. 2016ರ ಜನವರಿ 26ರಂದು ರಾಜಸ್ಥಾನದ ಬಾಡಮೇರ್ ಕಡೆ ಬಲೂನಿನಂಥ ವಸ್ತುವೊಂದನ್ನು ಹೊಡೆದುರುಳಿಸಿದ್ದೂ ಸುಖೋಯ್ ವಿಮಾನವೇ. ಆದ್ದರಿಂದ ನಮಗೆ ಶಕ್ತಿ ಇಲ್ಲವೆಂಬುದು ನನ್ನ ತಕರಾರಲ್ಲ.

2022ರ ಜನವರಿಯಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್ ಮೇಲೆ ಬಿಳಿ ಗೋಳವೊಂದು ಕಾಣಿಸಿತು. ಮೂರೂ ಪಡೆಗಳ ಜಂಟಿ ಕಮಾಂಡ್ ಇರುವ ಊರು. ಜನ ಫೋಟೊ ತೆಗೆದರು, ಸ್ಥಳೀಯ ಪತ್ರಕರ್ತರು ಯಾರದ್ದಿದು ಎಂದು ಕೇಳಿದರು. ಏನು ಮಾಡಬೇಕೆಂದು ತೀರ್ಮಾನವಾಗುವ ಮೊದಲೇ ಅದು ಸಮುದ್ರದತ್ತ ತೇಲಿಹೋಯಿತು. ದೇಶದ ಉಳಿದ ಬಹುಪಾಲು ಜನರಿಗೆ ಈ ವಿಷಯ ಗೊತ್ತಾದದ್ದು ವರ್ಷ ಕಳೆದು, 2023ರ ಫೆಬ್ರುವರಿಯಲ್ಲಿ, ಅಮೆರಿಕ ಚೀನಾದ ಬಲೂನನ್ನು ಹೊಡೆದ ಮೇಲೆ. ಅದೂ ಹೆಸರು ಹೇಳಲೊಪ್ಪದ ಅಧಿಕಾರಿಗಳ ಬಾಯಿಂದ.

ಅದೇ ತಿಂಗಳ ಕೊನೆಗೆ ಕೆಲಸದ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ ಹೋಗಿದ್ದೆ. ಹೊಸ ಹೆಸರಿಗೆ ಆಗಷ್ಟೇ ಒಪ್ಪಿಗೆ ಸಿಕ್ಕಿತ್ತು. ಜಿ-20ರ ಮಹಿಳಾ ಸಭೆಗೆಂದು ಊರು ಸಿಂಗಾರಗೊಂಡಿತ್ತು. ಚಹಾ ಅಂಗಡಿಯ ಕಾಕಾ ಪೇಪರ್ ಮಡಿಸುತ್ತ, ನಮ್ಮಲ್ಲೂ ಬಂದಿತ್ತಂತೆ ಹೌದಾ ಎಂದರು. ಹೌದೆಂದೆ. 'ಮಗ ಸರ್ಕಾರ ಕಾಯ ಮ್ಹಣಾಲಂ?' ಸರ್ಕಾರ ಏನಂತು? ನನ್ನಲ್ಲಿ ಉತ್ತರವಿರಲಿಲ್ಲ.

ಅಮೆರಿಕವನ್ನೇ ನೋಡಿ ಕಲಿಯಿರಿ ಎನ್ನುವವನಲ್ಲ ನಾನು. ಫೆಬ್ರುವರಿ 4ರ ಬಲೂನಿನ ನಂತರ ಗಾಬರಿಬಿದ್ದು 10ರಿಂದ 12ರೊಳಗೆ ಇನ್ನೂ ಮೂರು ವಸ್ತು ಉರುಳಿಸಿದರು. ಅವು ಖಾಸಗಿಯವರದೋ ಸಂಶೋಧಕರದೋ ಇರಬೇಕೆಂದು ಆಮೇಲೆ ಅಧ್ಯಕ್ಷ ಬೈಡನ್ ಅವರೇ ಹೇಳಬೇಕಾಯಿತು. ಮುಜುಗರವೇ ಸರಿ, ಆದರೂ ಜನರೆದುರು ಹೇಳಿದರು.

ಅಷ್ಟು ದೂರ ಯಾಕೆ? 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ದೊಡ್ಡ ಬಲೂನೊಂದು ಯಂತ್ರದ ಸಮೇತ ಬಿತ್ತು. ಊರು ಬೆಚ್ಚಿಬಿತ್ತು. ಜೊತೆಗೊಂದು ಪತ್ರವಿತ್ತು, ಹೈದರಾಬಾದಿನ ಟಿಐಎಫ್‌ಆರ್ ಸಂಶೋಧನಾ ಬಲೂನು ಎಂದು ತಿಳಿದ ಮೇಲೆ ಭಯ ಹೋಗಿ ಕುತೂಹಲ ಉಳಿಯಿತು.

ರಾಡಾರ್ ಎಲ್ಲಿದೆ, ಏನು ಕಂಡಿತು ಎಂಬ ಗುಟ್ಟು ಬೇಡ. ಇಂಥ ದಿನ ಬಂತು, ಇಷ್ಟು ಹೊತ್ತು ಇತ್ತು, ನಾವು ಹೀಗೆ ಮಾಡಿದೆವು ಅಥವಾ ಮಾಡಲಾಗಲಿಲ್ಲ. ತಿಂಗಳೊಳಗೆ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಇಷ್ಟು ಓದಿದರೆ ಸಾಕು. ಮುಂದಿನ ಸಲ ಆ ಕಾಕಾ ಕೇಳಿದರೆ ನಾನು ಅದನ್ನೇ ಮರಾಠಿಯಲ್ಲಿ ಹೇಳುತ್ತೇನೆ.