ಹಿಟ್ಟು ನಾದುವ ಯಂತ್ರ: ಕೊಳ್ಳುವ ಮುನ್ನ

ಬೀಸುಕಲ್ಲು ಮೂಲೆ ಸೇರಿ, ಒಳಕಲ್ಲಿನ ಕೆಲಸವನ್ನು ಮಿಕ್ಸರ್ ವಹಿಸಿಕೊಂಡು ದಶಕಗಳೇ ಕಳೆದವು. ಈಗ ಹಿಟ್ಟು ನಾದುವ ‘ಸ್ಟ್ಯಾಂಡ್ ಮಿಕ್ಸರ್’ ಅಂಗಡಿಗಳಿಗೆ ಬಂದಿದೆ. ಅದನ್ನು ಕೊಳ್ಳಬೇಕೆಂದು ಯೋಚಿಸುವ ರೋಣ, ನರಗುಂದ, ಗಜೇಂದ್ರಗಡದ ಸಹೋದರಿಯರಿಗಾಗಿ ಈ ತಿಂಗಳು ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಭೇದವನ್ನು ಅರಿಯೋಣ. ನಮ್ಮ ಮಿಕ್ಸರಿನ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಕಾಳನ್ನು ಪುಡಿಮಾಡುತ್ತದೆ. ಸ್ಟ್ಯಾಂಡ್ ಮಿಕ್ಸರಿನ ಜಾತಿಯೇ ಬೇರೆ. ಅಮೆರಿಕದಲ್ಲಿ 1919ರಲ್ಲಿ ‘ಕಿಚನ್‌ಏಡ್’ ಎಂಬ ಹೆಸರಿನಿಂದ ಮನೆಬಳಕೆಗೆ ಬಂದ ಇಂಥ ಯಂತ್ರದಲ್ಲಿ ಪಾತ್ರೆ ನಿಂತಲ್ಲೇ ನಿಂತು, ಕೊಕ್ಕೆಯು ತಾನೂ ತಿರುಗುತ್ತ ಪಾತ್ರೆಯನ್ನೂ ಸುತ್ತುತ್ತದೆ. ಅದು ನಾದುತ್ತದೆ, ಕಲಸುತ್ತದೆ, ಅರೆಯುವುದಿಲ್ಲ. ಆದ್ದರಿಂದ ಶೇಂಗಾ ಹಿಂಡಿಗೂ ಹೋಳಿಗೆಯ ಹೂರಣಕ್ಕೂ ಹಳೆಯ ಮಿಕ್ಸರೇ ಬೇಕು. ಶೇಂಗಾವನ್ನು ಬಿಟ್ಟು ಬಿಟ್ಟು ತಿರುಗಿಸಿರಿ. ಇಲ್ಲವಾದರೆ ಬಿಸಿಯೇರಿ ಎಣ್ಣೆ ಬಿಡುತ್ತದೆ. ಹೂರಣವನ್ನು ಆರಿಸಿಯೇ ಹಾಕಿರಿ. ಬಿಸಿಯ ಆವಿ ಮುಚ್ಚಳವನ್ನು ಎತ್ತಿ ಒಗೆಯಬಲ್ಲದು.

ಇನ್ನು ಮುಖ್ಯ ವಿಚಾರ. ನಮ್ಮ ಎರೆಭೂಮಿಯ ಮನೆಗಳ ನಿತ್ಯದ ಊಟ ಬಿಳಿಜೋಳದ ರೊಟ್ಟಿ. ಗೋದಿಯಲ್ಲಿ ಗ್ಲುಟೆನ್ ಎಂಬ ಅಂಟು ಕಟ್ಟುವ ಸತ್ವವಿದೆ. ನಾದಿದಷ್ಟೂ ಅದು ಬಲಿಯುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರು ಹಿಟ್ಟಿನ ಪಿಷ್ಟವನ್ನು ಬೇಯಿಸಿ ಬಂಧ ಕೊಡುತ್ತದೆ. ಆ ಮೇಲೆಯೂ ಒಂದೊಂದು ರೊಟ್ಟಿಯ ಹಿಟ್ಟನ್ನು ಬಡಿಯುವ ಮುನ್ನ ಅಂಗೈಯಿಂದ ತಿಕ್ಕಿ ನಾದಲೇಬೇಕು. ಇಲ್ಲವಾದರೆ ಅಂಚು ಸೀಳುತ್ತದೆ. ಯಂತ್ರವು ಮೊದಲ ಕಲಸುವಿಕೆಯನ್ನಷ್ಟೇ ಉಳಿಸೀತು. ದಿನವೂ ಚಪಾತಿ ಮಾಡುವ ದೊಡ್ಡ ಕುಟುಂಬಕ್ಕೆ, ಹಬ್ಬದಲ್ಲಿ ಸೇರುಗಟ್ಟಲೆ ಕಣಕ ನಾದುವವರಿಗೆ ಮಾತ್ರ ಇದರಿಂದ ನಿಜವಾದ ಲಾಭ.

ಜೊತೆಗೆ ಬರುವ ಸಾಮಗ್ರಿಗಳಲ್ಲಿ ನಾದುವ ಕೊಕ್ಕೆಯೇ ನಮಗೆ ಪ್ರಯೋಜನಕಾರಿ. ತಂತಿಯ ಕಡೆಗೋಲು ಮುಖ್ಯವಾಗಿ ಮೊಟ್ಟೆ, ಕೆನೆಗಳನ್ನು ನೊರೆ ಬರಿಸಲು ಇರುವಂಥದು. ಮೊಟ್ಟೆ ಬಳಸದ ನಮ್ಮ ಮನೆಗಳಲ್ಲಿ ಅದಕ್ಕೆ ಕೆಲಸ ಕಡಿಮೆ. ವಾರಕ್ಕೆ ಎರಡು ಸಲವಾದರೂ ಬಳಸದ ಉಪಕರಣಕ್ಕೆ ಹೆಚ್ಚಿನ ಹಣ ತೆರಬೇಡಿರಿ. ಚಪಾತಿಗಷ್ಟೇ ಬೇಕಾದರೆ, ನಾದುವ ಪಾತ್ರೆ ಕೂಡಿದ ಫುಡ್ ಪ್ರೊಸೆಸರ್ ಅನ್ನೂ ವಿಚಾರಿಸಿ ನೋಡಿರಿ.

ಕೊಳ್ಳುವಾಗ ವ್ಯಾಟ್ ಸಂಖ್ಯೆಗೆ ಮರುಳಾಗಬಾರದು. ಅದು ಯಂತ್ರವು ಎಳೆಯುವ ವಿದ್ಯುತ್ತಿನ ಲೆಕ್ಕ, ಕೊಕ್ಕೆಯ ಬಲದ ಲೆಕ್ಕವಲ್ಲ. ಒಂದು ಸಲಕ್ಕೆ ಎಷ್ಟು ಗೋದಿಹಿಟ್ಟು ನಾದಬಲ್ಲದು, ಎಷ್ಟು ನಿಮಿಷ ಸತತ ನಡೆಸಬಹುದು, ಬಿಡಿಭಾಗ ಹಾಗೂ ದುರಸ್ತಿ ಗದಗಿನಲ್ಲಾದರೂ ದೊರೆಯುವವೇ ಎಂದು ಕೇಳಿರಿ. ಮೂರು ಪಿನ್ನಿನ ಪ್ಲಗ್ಗಿಗೆ ಮನೆಯಲ್ಲಿ ಅರ್ಥಿಂಗ್ ಸರಿಯಿರಲಿ. ತೊಳೆಯುವ ಮುನ್ನ ಪ್ಲಗ್ ಕೀಳುವುದನ್ನು ಮರೆಯದಿರಿ.

ಯಂತ್ರ ಬಂದರೂ ಬಾರದಿದ್ದರೂ ರೊಟ್ಟಿಯ ಹಿಟ್ಟು ನಾದುವ ತೋಳಿನ ನೋವು ಉಳಿದೇ ಇರುತ್ತದೆ. ಆ ಭಾರವನ್ನು ಒಬ್ಬಳ ಮೇಲೆಯೇ ಹೊರಿಸದೆ ಮನೆಯ ಗಂಡಸರೂ ಮಕ್ಕಳೂ ಹಂಚಿಕೊಳ್ಳಲಿ ಎಂಬುದು ನಮ್ಮ ಬಿನ್ನಹ.