ಹಳೆ ಮನಿ ಪೂರಾ ಕೆಡವಬ್ಯಾಡ್ರಿ

ಇವತ್ತು ದ್ರಾಕ್ಷಿ ಬಿಟ್ಟು ಮನಿ ವಿಚಾರ ಬರೀತೀನಿ.

ಐದು ವರ್ಷದ ಹಿಂದ ನನ್ನ ಪಾಲಿನ ಮಾಳಗಿ ಮನಿ ಜೆಸಿಬಿ ಹಚ್ಚಿ ಕೆಡವಿಸಿದೆ. 2 ಫೂಟ್ ದಪ್ಪ ಕಲ್ಲು-ಮಣ್ಣಿನ ಗ್ವಾಡಿ, ಮ್ಯಾಲ ತೊಲಿ, ಜಂತಿ, ಮಣ್ಣು. ಎಲ್ಲಾ ಒಂದೇ ದಿನದಾಗ ನೆಲಸಮ. ಅಲ್ಲೇ ಆರ್‌ಸಿಸಿ ಮನಿ ಕಟ್ಟಿಸಿದೆ. ಸಾಲ ಇನ್ನೂ ತೀರಿಲ್ಲ. ಬ್ಯಾಸಗಿ ಬಂತಂದ್ರ ನಮ್ಮವ್ವ ಚಾಪಿ ತಗೊಂಡು ಬಾಜೂಕಿನ ತಮ್ಮನ ಹಳೆ ಪಡಸಾಲ್ಯಾಗ ಮಲಗ್ತಾಳ. "ನಿನ್ನ ಮನಿ ರಾತ್ರಿನೂ ಕುದಿತೈತೋ" ಅಂತಾಳ. ಖರೇ ಐತಿ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗ ಕಾರತೈತಿ. ದಪ್ಪ ಗ್ವಾಡಿ ಆ ಕಾವು ಲಗೂನ ಒಳಗ ಬಿಡಂಗಿಲ್ಲ.

ಗೋಳಗುಮ್ಮಟ ನೋಡ್ರಿ. 1656ರಾಗ ತೀರಿಕೊಂಡ ಮೊಹಮ್ಮದ್ ಆದಿಲ್ ಶಾನ ಗೋರಿ ಅದು. ಗ್ವಾಡಿ ಸುಮಾರು 10 ಫೂಟ್ ದಪ್ಪ. ಬ್ಯಾಸಗ್ಯಾಗ ಒಳಗ ಕಾಲಿಟ್ರ ಜೀವ ತಂಪಾಗತೈತಿ, ಫ್ಯಾನ್ ಇಲ್ಲ, ಏನಿಲ್ಲ.

ತಿಕೋಟಾ, ಬಬಲೇಶ್ವರ ಕಡೆ ಒಣದ್ರಾಕ್ಷಿ ಶೆಡ್ಡಿಗೆ ಗಾಳಿ ಯಾವ ಕಡಿಂದ ಬರತೈತಿ ಅಂತ ನೋಡೇ ಹಾಕ್ತೀವಿ. ನಾವು ಮಲಗೋ ಮನಿಗೆ ಮಾತ್ರ ಅಷ್ಟು ವಿಚಾರ ಮಾಡಂಗಿಲ್ಲ.

ಈಗ ತಮ್ಮನೂ ಕೆಡವಾಕ ನಿಂತಾನ. "ಅಣ್ಣಾ, ಮಣ್ಣಿನ ಮನಿ ನೋಡಿ ಹುಡುಗಗ ಹೆಣ್ಣು ಕೊಡವಲ್ಲರು" ಅಂತಾನ. ಅವನ ಮಾತೂ ಸುಳ್ಳಲ್ಲ. ಮೊದಲು ಕೆಡವಿದಾವ ನಾನೇ, ಅವಗ ಯಾವ ಬಾಯಿಲೆ ಹೇಳ್ಲಿ? ಆದ್ರೂ ಹೇಳೀನಿ: ಮುಂದ ಎರಡು ಹೊಸ ಖೋಲಿ, ಬಾಜೂಕ ಅಡಗಿ ಮನಿ, ಬಚ್ಚಲ, ಸಂಡಾಸ ಕಟ್ಟಿಸು. ಹಿಂದಿನ ಪಡಸಾಲಿ ಉಳಸು.

ಹಳೇದೆಲ್ಲ ಛಲೋ ಅನ್ನಂಗಿಲ್ಲ. ಜಡಿ ಮಳಿ ಹಿಡಿದ್ರ ಮಾಳಗಿ ಮಣ್ಣು ನೀರು ಕುಡಿದು ಭಾರ ಆಗಿ ಕುಸಿತೈತಿ, ಜೀವಕ್ಕ ಅಪಾಯ. ಅದಕ್ಕ ಮೊದಲು ಬಡಿಗ್ಯಾರನ್ನ ಕರೆದು ತೊಲಿ, ಜಂತಿ ಬಡಿದು ನೋಡ್ಸ್ರಿ, ಒರಲಿ ಹತ್ತಿದ್ದು ಹೊರಗ ಕಾಣಂಗಿಲ್ಲ. ಗ್ವಾಡಿ ಗಟ್ಟಿ ಇದ್ರ ಮಾಳಗಿ ಅಷ್ಟೇ ಬದಲಿ ಮಾಡ್ರಿ. ಮಳಿ ನೀರು ಗ್ವಾಡಿ ಬುಡಕ್ಕ ನಿಲ್ಲದಂಗ ನೋಡ್ರಿ. ಗ್ವಾಡಿನೇ ಬಿರುಕು ಬಿಟ್ಟು ವಾಲಿದ್ರ ಮಾತ್ರ ಕೆಡವ್ರಿ.

ನನ್ನಂಗ ಸ್ಲ್ಯಾಬ್ ಹಾಕಿದವರು ಬ್ಯಾಸಗಿ ಮೊದಲು ಮ್ಯಾಲ ಬಿಳಿ ಸುಣ್ಣ ಹೊಡಿರಿ. ಎದುರಾಬದುರಾ ಕಿಟಕಿ ಇಡ್ರಿ, ಬಿಸಿ ಗಾಳಿ ಹೋಗಾಕ ಗ್ವಾಡಿ ಮ್ಯಾಲ ಕಿಂಡಿ ಬಿಡ್ರಿ. ಪಡುವಣ ಗ್ವಾಡಿಗೆ ನೆರಳು ಬೀಳೋಹಂಗ ಬೇವಿನ ಗಿಡ ಹಚ್ರಿ.

ತಮ್ಮ ಇನ್ನೂ ಹೂಂ ಅಂದಿಲ್ಲ. ಅವನ ಪಡಸಾಲಿನೂ ಹ್ವಾದ್ರ ಬರೋ ಬ್ಯಾಸಗ್ಯಾಗ ಅವ್ವ ಚಾಪಿ ಎಲ್ಲಿ ಹಾಸ್ಬೇಕು?