ಮಾವಿನ ಓಟೆಗೂ ಬೆಲೆ ಬರಲಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ತೋತಾಪುರಿ ಮಾವಿಗೆ ಗಡಿಯಾಚೆ ಆಂಧ್ರದ ಚಿತ್ತೂರಿನ ತಿರುಳು ಕಾರ್ಖಾನೆಗಳೇ ದೊಡ್ಡ ಆಸರೆ. 2025ರ ಜೂನ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿದಾಗ ಬೆಳೆಗಾರರು ಬೀದಿಗಿಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ತಿರುಳು ಕಾರ್ಖಾನೆ ತಾಲ್ಲೂಕಿನಲ್ಲೇ ಆಗಲಿ ಎಂಬ ಕೂಗು ನ್ಯಾಯವಾದದ್ದೇ. ಆ ಕೂಗಿನಲ್ಲಿ ಓಟೆಯ ಹೆಸರೂ ಸೇರಬೇಕು.

ತಿರುಳು ತೆಗೆದ ಮೇಲೆ ಓಟೆಯ ರಾಶಿಯನ್ನು ಕೇಳುವವರು ಕಡಿಮೆ. ಒಡೆದರೆ ಒಳಗಿನ ಬೀಜದಿಂದ ಕೊಬ್ಬು ತೆಗೆಯಬಹುದು. ಚಾಕೊಲೇಟ್ ಮತ್ತು ಸೌಂದರ್ಯವರ್ಧಕ ತಯಾರಕರಿಗೆ ಅದು ಬೇಕು. ಹೊರಗಿನ ನಾರುಗಟ್ಟಿದ ಚಿಪ್ಪನ್ನು ಗಾಳಿಯಾಡದ ಕುಲುಮೆಯಲ್ಲಿ 400ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಇದ್ದಿಲಾಗುತ್ತದೆ. ಅದಕ್ಕೆ 800 ಡಿಗ್ರಿ ದಾಟಿದ ಕಾವಿನಲ್ಲಿ ಹಬೆ ಹಾಯಿಸಿದರೆ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು ತೆರೆಯುತ್ತವೆ. ಚೆನ್ನಾಗಿ ಪಳಗಿಸಿದ ಒಂದೇ ಗ್ರಾಂ ಪುಡಿಯ ಒಳಮೈ ಬಿಚ್ಚಿಟ್ಟರೆ 500 ಚದರ ಮೀಟರ್‌ಗೂ ಹೆಚ್ಚು. ಬಣ್ಣ, ವಾಸನೆ, ಕೀಟನಾಶಕದ ಅಂಶಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಆಕ್ಟಿವೇಟೆಡ್ ಕಾರ್ಬನ್ ಎಂದರೆ ಇದೇ.

ಹೊಸ ಕನಸೇನಲ್ಲ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ವಿಷಾನಿಲ ತಡೆಯುವ ಮುಖವಾಡಕ್ಕೆಂದು ಅಮೆರಿಕದಲ್ಲಿ ಜನರಿಂದ ಪೀಚ್ ಹಣ್ಣಿನ ಓಟೆ, ಅಕ್ರೋಟದ ಚಿಪ್ಪು ಸಂಗ್ರಹಿಸಿದ್ದರು. ಸಯನೈಡ್ ದ್ರಾವಣದಿಂದ ಚಿನ್ನ ಹೀರಿ ತೆಗೆಯಲು ಜಗತ್ತಿನ ಗಣಿಗಳು ತೆಂಗಿನ ಚಿಪ್ಪಿನ ಕಾರ್ಬನ್ ಬಳಸುತ್ತವೆ. 2001ರಲ್ಲಿ ಚಿನ್ನದ ಗಣಿಗೆ ಬೀಗ ಬಿದ್ದ ಜಿಲ್ಲೆಗೆ ಇದು ಕೊಂಚ ಚುಚ್ಚುವ ಮಾತೇ!

ಈಗ ಕೋಲಾರಕ್ಕೆ ಈ ಕಾರ್ಬನ್ ಬೇಕಿರುವುದು ನೀರಿಗಾಗಿ. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ನೊರೆಯೂ ಬಂತು, ವಿವಾದ ಕೋರ್ಟ್ ಮೆಟ್ಟಿಲೇರಿತು. ಕೆರೆ ತುಂಬಿದ ಸಂತಸದ ನಡುವೆಯೂ ಹೋರಾಟಗಾರರು ಕೇಳುತ್ತಿರುವುದು ಮೂರನೇ ಹಂತದ ಶುದ್ಧೀಕರಣ. ಆ ಹಂತದ ಹತ್ಯಾರುಗಳಲ್ಲಿ ಕಾರ್ಬನ್ ಒಂದು. ಆದರೆ ದಿನಕ್ಕೆ ಕೋಟಿಗಟ್ಟಲೆ ಲೀಟರ್ ನೀರನ್ನು ಓಟೆ ಇದ್ದಿಲೇ ಸೋಸಿಬಿಡುತ್ತದೆ ಎನ್ನುವುದು ಬಡಾಯಿ. ಮೊದಲ ಹೆಜ್ಜೆ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿದೆ. ಅಲ್ಲಿ ಆರ್‌ಒ ಪೊರೆಗೆ ಮುನ್ನ ಸಾಮಾನ್ಯವಾಗಿ ಕಾರ್ಬನ್ ತುಂಬಿದ ಸಿಲಿಂಡರ್ ನಿಂತಿರುತ್ತದೆ. ಅದರೊಳಗಿನ ಸರಕು ಕಾಲಕಾಲಕ್ಕೆ ಬದಲಾಗಲೇಬೇಕು. ಮುಳಬಾಗಿಲು ಸೀಮೆಯ ಹುಣಸೆ ಸಿಪ್ಪೆಯನ್ನೂ ಇದಕ್ಕಾಗಿ ಪರೀಕ್ಷಿಸಿ ನೋಡಬಹುದು. ಹೆಂಚು, ಇಟ್ಟಿಗೆ ಗೂಡುಗಳ ಮಾಲೂರಿಗೆ ಬೆಂಕಿ ಪಳಗಿಸುವ ಕಸುಬು ಹೊಸದಲ್ಲ. ಬೆಲೆ ಬಿದ್ದಾಗ ಕೋಲಾರದ ಮಾರುಕಟ್ಟೆಯಲ್ಲಿ ಸುರಿಯುವ ಟೊಮೆಟೊ ಮಾತ್ರ ಇದ್ದಿಲಿಗೆ ಒಗ್ಗದು, ಬಹುಪಾಲು ನೀರೇ.

ಫ್ಲೋರೈಡ್ ವಿಷಯದಲ್ಲಿ ಜನರಿಗೆ ಸುಳ್ಳು ಭರವಸೆ ಕೊಡಬಾರದು. ಆಳದ ಕೊಳವೆಬಾವಿಗಳ ಆ ಕಂಟಕಕ್ಕೆ ಸಾಮಾನ್ಯ ಕಾರ್ಬನ್ ಮದ್ದಲ್ಲ. ಆರ್‌ಒ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾದಂಥ ವಿಧಾನವೇ ಬೇಕು. ಇನ್ನು ಕಾರ್ಖಾನೆ ಕೆಸರು, ಹಳೆ ಟೈರು ಸುಟ್ಟ ಕಾರ್ಬನ್ ಕುಡಿಯುವ ನೀರಿನ ಹತ್ತಿರವೂ ಸುಳಿಯಬಾರದು. ಬಯಲಲ್ಲಿ ಹೊಗೆಯೆಬ್ಬಿಸಿ ಇದ್ದಿಲು ಸುಡುವ ಘಟಕವೂ ಬೇಡ. ಕಾರ್ಖಾನೆ ನೀರನ್ನು ಸೋಸಿ ವಿಷ ತುಂಬಿಕೊಂಡ ಹಳೆಯ ಕಾರ್ಬನ್ನನ್ನು ಕೆರೆ ಏರಿಯ ಮೇಲೆ ಸುರಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ತೋಟಗಾರಿಕೆ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿ ಸೇರಿ ಬರುವ ಮಾವಿನ ಹಂಗಾಮಿನಲ್ಲಿ ಒಂದು ಸಣ್ಣ ಕುಲುಮೆ ಹೊತ್ತಿಸಲಿ. ತಯಾರಾದ ಕಾರ್ಬನ್ ಭಾರತೀಯ ಮಾನಕದಂತೆ ಪ್ರಯೋಗಾಲಯದಲ್ಲಿ ಪಾಸಾಗಲಿ. ಪಾಸಾದರೆ ಶ್ರೀನಿವಾಸಪುರದ ನಾಲ್ಕಾರು ನೀರಿನ ಘಟಕಗಳಿಗೆ ಅದನ್ನೇ ತುಂಬಿಸಲಿ, ಓಟೆಯ ದುಡ್ಡು ಬೆಳೆಗಾರನ ಕೈಗೂ ತಲುಪಲಿ.